ಪಾದ್ರಿಮನೆಯ ಹಗ್ಗ

ಪಾದ್ರಿಯ ಅಕ್ಕನಿಗೆ ಕಣ್ಣು ಪೂರ್ತಿ ಹೋಗಿ ಕೆಲವು ವರ್ಷಗಳಾಗಿದ್ದವು. ಆದರೆ ಅದು ಜನಕ್ಕೆ ಗೊತ್ತಾಗುತ್ತಿದ್ದದ್ದು ಅವಳು ಚರ್ಚಿನ ಗೇಟು ದಾಟಿ ಬೀದಿಗೆ ಕಾಲಿಟ್ಟಾಗ ಮಾತ್ರ. ಗೇಟಿನ ಒಳಗೆ, ಪಾದ್ರಿಮನೆಯಲ್ಲಿ, ಅವಳು ಒಲೆ ಹಚ್ಚುತ್ತಿದ್ದಳು, ಬಟ್ಟೆ ಒಗೆದು ಹರವುತ್ತಿದ್ದಳು, ಹಿತ್ತಲಿಗೆ ಹೋಗಿ ಎಳೆಯ ಬೀನ್ಸ್ ಯಾವುದು ಬಲಿತದ್ದು ಯಾವುದು ಎಂದು ಬೆರಳಲ್ಲೇ ನೋಡಿ ಕಿತ್ತು ತರುತ್ತಿದ್ದಳು. ಮನೆಗೆ ಬಂದವರ ಕೈಗೆ ಟೀ ಲೋಟ ಕೊಟ್ಟು, "ಹುಷಾರು, ಬಿಸಿ ಇದೆ. ಕಣ್ಣಿದ್ದವರಿಗೂ ಕೈ ಸುಡುತ್ತೆ" ಎನ್ನುತ್ತಿದ್ದಳು. ಹೊಸಬರು ಎಷ್ಟೋ ಹೊತ್ತಿನ ಮೇಲೆ, ಅವಳು ತಮ್ಮ ಮುಖ ನೋಡದೆ ತಮ್ಮ ಹಿಂದಿನ ಗೋಡೆ ನೋಡಿ ನಗುತ್ತಿದ್ದಾಳೆ ಎಂಬುದನ್ನು ಗಮನಿಸಿ ಮಾತು ನಿಲ್ಲಿಸುತ್ತಿದ್ದರು.

ಕಣ್ಣೊಳಗೆ ಒತ್ತಡ ಹೆಚ್ಚಾಗಿದೆ, ಅಂಚಿನಿಂದ ಕತ್ತಲಾಗುತ್ತ ಬರುತ್ತದೆ, ನಡುವೆ ಕಿಂಡಿಯಷ್ಟು ಬೆಳಕು ಸ್ವಲ್ಪ ಕಾಲ ಉಳಿಯುತ್ತದೆ ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚಿ ಮೂಲೆಗೆ ಎಸೆದಳು.

"ತಮ್ಮಾ, ಈ ಕಿಂಡಿ ಮುಚ್ಚೋದರೊಳಗೆ ನಾನು ಈ ಮನೆ ಕಲಿತುಬಿಡ್ತೀನಿ" ಎಂದಳು.

ಕಲಿತಳು. ಬೆಳಕು ಉಳಿದಿರುವಾಗಲೇ ಕಣ್ಣು ಮುಚ್ಚಿಕೊಂಡು ನಡೆದಳು. ಅಡಿಗೆಮನೆಯ ನೆಲ ಒರಟು ಕಲ್ಲು, ನಡುಮನೆಯದು ನುಣುಪು ಸಿಮೆಂಟು, ಮಲಗುವ ಕೋಣೆಯ ಹೊಸ್ತಿಲಿನ ಬಳಿ ಹೆಬ್ಬೆರಳು ಸಿಕ್ಕುವಂಥ ಒಂದು ಬಿರುಕು. ತಮ್ಮ ಆ ಬಿರುಕಿಗೆ ಸಿಮೆಂಟು ಮೆತ್ತಲು ಹೊರಟಾಗ ಅವನ ಕೈ ಮೇಲೆ ಒಂದೇಟು ಕೊಟ್ಟಿದ್ದಳು. ಬೆಳಿಗ್ಗೆ ಯಾವ ಗೋಡೆ ಬೆಚ್ಚಗಿರುತ್ತದೆ, ಸಂಜೆ ಯಾವುದು, ಯಾವ ಕಿಟಕಿಯಿಂದ ಹೊಲದ ವಾಸನೆ ಬರುತ್ತದೆ, ಯಾವುದರಿಂದ ರಸ್ತೆಯ ಸದ್ದು, ಎಲ್ಲ ಅವಳ ಮೈಗೆ ಹತ್ತಿತು. ಹಿತ್ತಲಿಗೆ ಮಾತ್ರ ಗೋಡೆ ಇರಲಿಲ್ಲ. ಅದಕ್ಕಾಗಿ ಪಾದ್ರಿ ಅಡಿಗೆಮನೆಯ ಹಿಂಬಾಗಿಲಿಂದ ಚರ್ಚಿನ ಪಕ್ಕದ ಬಾಗಿಲವರೆಗೆ, ಗೂಟದಿಂದ ಗೂಟಕ್ಕೆ, ಸೊಂಟದ ಮಟ್ಟದಲ್ಲಿ ಒಂದು ಹಗ್ಗ ಕಟ್ಟಿಕೊಟ್ಟ. ನಲ್ಲಿಯ ಬಳಿ ಅವಳು ಅದಕ್ಕೊಂದು ಗಂಟು ಹಾಕಿಕೊಂಡಳು, ಬೀನ್ಸ್ ಪಾತಿಯ ಬಳಿ ಹಳೆ ಟವೆಲ್ಲಿನ ತುಂಡು ಕಟ್ಟಿಕೊಂಡಳು. ವರ್ಷಗಟ್ಟಲೆ ಒಂದೇ ಅಂಗೈ ಉಜ್ಜಿ ಉಜ್ಜಿ ಆ ಹಗ್ಗ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿತ್ತು.

ಒಂದು ಸಂಜೆ ದೀಪ ಹೋಯಿತು. ಪಾದ್ರಿ ಮೇಜಿಗೆ ಮೊಣಕಾಲು ಬಡಿದುಕೊಂಡು, ಕುರ್ಚಿ ಉರುಳಿಸಿ, ಕಾಲು ಹಿಡಿದುಕೊಂಡು ನಿಂತ. ಅಡಿಗೆಮನೆಯಿಂದ ಅಕ್ಕನ ದನಿ ಬಂತು.

"ಎಡಕ್ಕೆ ಬಾ."

"ಬಂದೆ."

"ಅದು ನಿನ್ನ ಬಲ, ಪಾದ್ರೀ. ಇಷ್ಟು ವರ್ಷ ಜನಕ್ಕೆ ದಾರಿ ತೋರಿಸ್ತಾ ಇದ್ದೆ ಅಂತೀಯ, ಎಡ ಯಾವುದು ಬಲ ಯಾವುದು ಗೊತ್ತಿಲ್ವಾ?"

ಆಮೇಲೆ ಅವಳೇ ಬಂದು ಕೈ ಹಿಡಿದು ಅವನನ್ನು ಊಟದ ತಟ್ಟೆಯ ಮುಂದೆ ಕೂರಿಸಿದಳು. ಕತ್ತಲಲ್ಲಿ ಅವಳು ಒಂದಗುಳೂ ಚೆಲ್ಲದೆ ಬಡಿಸಿದಳು.

ಆ ಮನೆ ಅವರದಲ್ಲ. ಪಾದ್ರಿಯ ಕೆಲಸದ ಜೊತೆಗೆ ಬಂದ ಮನೆ. ಆ ಚರ್ಚಿನ ಸಭೆಗೆ, ಎಂದರೆ ಅಲ್ಲಿ ಕೂಡುವ ಭಕ್ತರಿಗೆ, ಮೇಲಿನಿಂದ ಯಾರೂ ಪಾದ್ರಿಯನ್ನು ಕಳಿಸುತ್ತಿರಲಿಲ್ಲ. ಸಭೆಯವರೇ ಹುಡುಕಿ, ಒಂದು ಭಾನುವಾರ ಪೀಠ ಹತ್ತಿಸಿ ಧರ್ಮಬೋಧೆಯ ಪ್ರಸಂಗ ಮಾಡಿಸಿ ನೋಡಿ, ಮೂರು ವರ್ಷದ ಕರಾರು ಬರೆದು ಇಟ್ಟುಕೊಳ್ಳುತ್ತಿದ್ದರು. ಮೂರು ವರ್ಷ ಮುಗಿದಾಗ ಹಿರಿಯರ ಮಂಡಳಿ ಕೂತು ಇವನು ಬೇಕೋ ಬೇಡವೋ ಎಂದು ಕೈ ಎತ್ತುತ್ತಿತ್ತು. ಮಂಡಳಿಗೆ ಪಾದ್ರಿಯೇ ಅಧ್ಯಕ್ಷ. ತನ್ನ ಕರಾರಿನ ವಿಷಯ ಬಂದಾಗ ಮಾತ್ರ ಅವನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರಬೇಕು. ಒಳಗೆ ತೀರ್ಮಾನವಾದ ಮೇಲೆ ಕರೆಯುತ್ತಾರೆ. ತೀರ್ಮಾನ ಏನೇ ಆಗಿರಲಿ, ಅವನು ಒಳಗೆ ಬಂದು ಕೈ ಚಾಚಿ ಎಲ್ಲರಿಗೂ ಆಶೀರ್ವಚನ ಹೇಳಿ ಸಭೆ ಮುಗಿಸಬೇಕು. ಹೀಗೆ ಅವನು ಎಷ್ಟೋ ಸಲ ಎದ್ದು ಹೋಗಿದ್ದ, ಎಷ್ಟೋ ಸಲ ಒಳಗೆ ಬಂದಿದ್ದ. ತಲೆ ತುಂಬ ಕೂದಲಿದ್ದಾಗ ಬಂದವನು ಈಗ ಅರವತ್ತರ ಹತ್ತಿರ ಬಂದಿದ್ದ.

ಮೊದಲ ಕರಾರು ಬರೆದ ಮಂಡಳಿಯ ಕಾರ್ಯದರ್ಶಿಗೆ ಪಾದ್ರಿಯ ಕರಾರು ಹೇಗಿರಬೇಕೆಂದು ಗೊತ್ತಿರಲಿಲ್ಲ. ಚರ್ಚಿನ ಹಿಂದಿನ ಹೊಲವನ್ನು ಗುತ್ತಿಗೆಗೆ ಕೊಡುವ ಕಾಗದ ಅವನ ಬಳಿ ಇತ್ತು. ಅದನ್ನೇ ಮುಂದಿಟ್ಟುಕೊಂಡು, 'ಗುತ್ತಿಗೆದಾರ' ಎಂದಿದ್ದಲ್ಲೆಲ್ಲ 'ಬೋಧಕ' ಎಂದು ಮಾಡಿ ಟೈಪ್ ಮಾಡಿಸಿಬಿಟ್ಟ. ಬೋಧಕನು ಜಗಲಿಯಲ್ಲಿ ಜಾನುವಾರು ಕಟ್ಟತಕ್ಕದ್ದಲ್ಲ. ಬೋಧಕನು ಮೇಲ್ಮಣ್ಣನ್ನು ಹೊರಗೆ ಸಾಗಿಸತಕ್ಕದ್ದಲ್ಲ. ಅವಧಿ ಮುಗಿದೊಡನೆ ಎಲ್ಲವನ್ನೂ ಯಥಾಸ್ಥಿತಿಯಲ್ಲಿ ಬಿಟ್ಟುಕೊಡತಕ್ಕದ್ದು. ಆಮೇಲಿನವರು ಅದನ್ನೇ ಪ್ರತಿ ಸಲ ನಕಲು ಮಾಡುತ್ತ ಬಂದರು. ಮೂರು ವರ್ಷಕ್ಕೊಮ್ಮೆ ಅಕ್ಕ ಅದನ್ನು ಓದಿಸಿ ಕೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು.

"ಯಥಾಸ್ಥಿತಿ ಅಂದ್ರೆ ಏನೋ? ನೀನು ಬಂದಾಗ ಇದ್ದ ಕೂದಲು ಈಗ ಎಲ್ಲಿಂದ ತಂದು ಕೊಡ್ತೀಯ?"

"ನನ್ನ ಕೂದಲು ಅವರಿಗ್ಯಾಕಕ್ಕ?"

"ಮೇಲ್ಮಣ್ಣು ಅಂತ ಇದೆಯಲ್ಲ! ತಲೆ ಮೇಲಿಂದು ಎಲ್ಲಿಗೆ ಸಾಗಿಸಿದೆ ಅಂತ ಕೇಳಿದ್ರೆ?"

ಅವನನ್ನು ಪಾದ್ರಿ ಮಾಡಿದವಳು ಅವಳೇ. ಅವ್ವ ಸತ್ತಾಗ ಅವನಿನ್ನೂ ಸರಿಯಾಗಿ ಗುಂಡಿ ಹಾಕಿಕೊಳ್ಳಲು ಬಾರದವನು. ಅವಳು ಒಂದು ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತಳು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಓದು ಮುಗಿಯಲಿ ಎಂದಳು. ಓದು ಮುಗಿಯುವ ಹೊತ್ತಿಗೆ ಮದುವೆಯ ಮಾತೂ ಮುಗಿದಿತ್ತು. ಅವನೂ ಒಂಟಿಯಾಗಿಯೇ ಉಳಿದ. ಅವನು ಪೀಠ ಹತ್ತುವ ಮುಂಚೆ ಇವತ್ತಿಗೂ ಅವಳು ಅಂಗೈಯಿಂದ ಅವನ ನಿಲುವಂಗಿಯ ಬೆನ್ನು ತಡವಿ ನೋಡುತ್ತಾಳೆ. "ನನ್ನ ಇಸ್ತ್ರಿಪೆಟ್ಟಿಗೆಯಿಂದ ಹುಟ್ಟಿದ ಪಾದ್ರಿ ನೀನು. ಮಡಿಕೆ ಕೆಡಿಸ್ಕೋಬೇಡ."

ಮಡಿಕೆ ಕೆಡಿಸಿಕೊಳ್ಳುವ ಮನುಷ್ಯನೇ ಅಲ್ಲ ಅವನು. ಚರ್ಚಿನ ಪೆನ್ನಿನಲ್ಲಿ ಅಕ್ಕನ ಔಷಧಿಯ ಹೆಸರು ಬರೆದುಕೊಳ್ಳದವನು. ತನ್ನ ಫೋನನ್ನು ಚರ್ಚಿನ ಪ್ಲಗ್ಗಿಗೆ ಹಾಕದವನು. ಅವನ ನೇರತನಕ್ಕೆ ಜನ ಮರ್ಯಾದೆ ಕೊಡುತ್ತಿದ್ದರು, ಬೆನ್ನ ಹಿಂದೆ ಸ್ವಲ್ಪ ನಗುತ್ತಲೂ ಇದ್ದರು.

ಆ ವರ್ಷ ಪಾದ್ರಿಯ ಕರಾರೂ ಹೊಲದ ಗುತ್ತಿಗೆಯೂ ಮಂಡಳಿಯ ಒಂದೇ ಸಭೆಗೆ ಬಂದವು.

ಹೊಲವನ್ನು ಮಾಡುತ್ತಿದ್ದವನನ್ನು ಎಲ್ಲರೂ ಮಣ್ಣುಮೂಸ ಎಂದೇ ಕರೆಯುತ್ತಿದ್ದರು. ಯಾರ ಹೊಲಕ್ಕೆ ಹೋದರೂ ಒಂದು ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿದು ಆಮೇಲೆ ಮಾತಾಡುವವನು. ಅವನಿಗೆ ವರ್ಷಕ್ಕೆ ಒಂದರಂತೆ ಗುತ್ತಿಗೆ. ಆಲೂಗಡ್ಡೆ ಹಾಕುತ್ತಿದ್ದ, ಈರುಳ್ಳಿ ಹಾಕುತ್ತಿದ್ದ. ಆ ಹೊಲದ್ದು ಹುಳಿ ಮಣ್ಣು, ಸುಣ್ಣ ಹಾಕಿದರೂ ಸರಿಹೋಗಲು ವರ್ಷಗಳು ಬೇಕು. ಒಂದು ವರ್ಷದ ಕಾಗದ ಇಟ್ಟುಕೊಂಡು ಯಾವನೂ ಸುಣ್ಣ ಹಾಕುವುದಿಲ್ಲ. ಇವನು ಹಾಕಿದ್ದ. ಕೇಳಿದರೆ, "ಮಣ್ಣಿಗೆ ಕಾಗದ ಓದೋಕೆ ಬರಲ್ವಲ್ಲ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅವನು ಪಾದ್ರಿಮನೆಯ ಹಿಂಬಾಗಿಲಿಗೆ ಬಂದು, ಒಳಗೆ ಬರದೆ ಹೊಸ್ತಿಲ ಆಚೆಯೇ ಕೂತ.

"ಅಯ್ಯನವರೇ, ಸುದ್ದಿ ಗೊತ್ತಾಯ್ತಾ? ಕಂಪನಿಯವರು ಬಂದು ಹೊಲ ಅಳೆದುಕೊಂಡು ಹೋದ್ರು. ಪಾಲಿಹೌಸ್ ಹಾಕ್ತಾರಂತೆ. ಪ್ಲಾಸ್ಟಿಕ್ ಹೊದಿಸಿ ಒಳಗೆ ದೊಣ್ಣೆಮೆಣಸು ಬೆಳೀತಾರಂತೆ. ಹತ್ತು ವರ್ಷಕ್ಕೆ ಬೇಕಂತೆ."

"ನಿನ್ನ ಗತಿ ಏನಪ್ಪ?"

"ನನ್ನದು ಬಿಡಿ. ಬರೀ ಹೊಲ ಸಾಲದಂತೆ ಅವರಿಗೆ. ರಸ್ತೆ ಪಕ್ಕ ಈ ಮನೆ ಇದೆಯಲ್ಲ, ಇದೂ ಬೇಕಂತೆ. ಗೋಡೆ ಒಡೆದು ಪ್ಯಾಕಿಂಗ್ ಶೆಡ್ ಮಾಡ್ತಾರಂತೆ. ಮನೆ ಸೇರಿಸಿದ್ರೆ ಮಾತ್ರ ಗುತ್ತಿಗೆ, ಇಲ್ಲಾಂದ್ರೆ ಬೇಡ ಅಂದಿದಾರೆ."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಬಾಗಿಲಿಗೆ ಬಂದು ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು.

"ನಮ್ಮ ಕಾರ್ಯದರ್ಶಿ ಏನಂತಾನೆ?" ಎಂದು ಕೇಳಿದಳು.

"ಒಪ್ಪಬೇಕು ಅಂತಾರೆ ಅಕ್ಕಾವ್ರೇ. ಚರ್ಚಿನ ಸೂರು ನೋಡಿ, ಸೋರಿ ಸೋರಿ ತೊಲೆ ಕೊಳೀತಾ ಇದೆ ಅಂತಾರೆ."

ಅದು ಸುಳ್ಳಲ್ಲ. ಈಗಿನ ಕಾರ್ಯದರ್ಶಿ ಬಣ್ಣ, ಬೀಗ, ಮೊಳೆ ಮಾರುವ ಅಂಗಡಿಯವನು; ಕೆಟ್ಟವನೇನೂ ಅಲ್ಲ. ಹೋದ ಮಳೆಗಾಲ ಅವನ ತಾಯಿಯ ಶವ ಚರ್ಚಿನಲ್ಲಿಟ್ಟು ಪ್ರಾರ್ಥನೆ ನಡೆಯುತ್ತಿದ್ದಾಗ ಪೆಟ್ಟಿಗೆಯ ಮೇಲೆಯೇ ನೀರು ತೊಟ್ಟಿಕ್ಕಿತು. ಅವನು ಬಕೆಟ್ಟು ತಂದು ಇಡುವುದೋ ಅಳುವುದೋ ತಿಳಿಯದೆ ನಿಂತದ್ದನ್ನು ಪಾದ್ರಿ ಪೀಠದ ಮೇಲಿಂದ ನೋಡಿದ್ದ. ಸಭೆಯಲ್ಲಿ ಉಳಿದಿದ್ದವರು ಮುದುಕರೇ. ಬೆಂಚುಗಳು ಹಿಂದಿನಿಂದ ಖಾಲಿಯಾಗುತ್ತ ಮುಂದಕ್ಕೆ ಬರುತ್ತಿದ್ದವು. ಸೂರಿನ ಖರ್ಚಿಗೆ ಕಂಪನಿಯ ದುಡ್ಡು ಬಿಟ್ಟು ಬೇರೆ ದಾರಿ ಇರಲಿಲ್ಲ.

ಮಣ್ಣುಮೂಸ ದನಿ ತಗ್ಗಿಸಿದ. "ಅಯ್ಯನವರೇ, ಮಂಡಳೀಲಿ ಮೂರು ಜನ ಆ ಕಡೆ, ಮೂರು ಜನ ಈ ಕಡೆ. ನಾನು ಮನೆಮನೆಗೂ ಹೋಗಿ ಕೇಳ್ಕೊಂಡು ಬಂದಿದೀನಿ. ಸಮಸಮ ಬಂದ್ರೆ ಅಧ್ಯಕ್ಷರ ಮತ ಎತ್ತ ಬೀಳುತ್ತೋ ಅತ್ತ. ಅಂದ್ರೆ ನೀವು. ಇದು ಹೊಲದ ವಿಷಯ, ನಿಮ್ಮ ಕರಾರಿನದಲ್ಲ. ನೀವು ಹೊರಗೆ ಹೋಗಬೇಕಾಗಿಲ್ಲ. ಕುರ್ಚೀಲಿ ಕೂತಿರಿ, ಅಷ್ಟೇ. ಇನ್ನೇನೂ ಕೇಳಲ್ಲ."

ಮಣ್ಣುಮೂಸ ಹೋದ ಮೇಲೆ ಅಕ್ಕ ತಮ್ಮನ ಎದುರು ಸ್ಟೂಲು ಎಳೆದುಕೊಂಡು ಕೂತಳು.

"ತಮ್ಮಾ, ನಿನ್ನ ಹತ್ರ ಇಲ್ಲೀವರೆಗೆ ಏನಾದ್ರೂ ಬೇಕು ಅಂತ ಕೇಳಿದೀನಾ?"

"ಇಲ್ಲಕ್ಕ."

"ಕನ್ನಡಕ ಕೇಳಿದ್ದೆ ಒಂದ್ಸಲ. ಅದೂ ಉಪಯೋಗಕ್ಕೆ ಬರಲಿಲ್ಲ." ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಇನ್ನೊಂದು ಮನೆ ಕಲಿಯೋಕೆ ನನ್ನಿಂದ ಆಗಲ್ಲ. ಇದನ್ನ ಕಲಿಯೋವಾಗ ಸ್ವಲ್ಪ ಬೆಳಕಿತ್ತು. ಈಗ ಯಾವುದನ್ನ ನೋಡಿ ಕಲೀಲಿ? ಈ ಮನೆ ಹೋದ್ರೆ ನಾನು ನಿಜವಾಗಿ ಕುರುಡಿ ಆಗ್ತೀನಿ. ಕುರ್ಚಿ ಬಿಟ್ಟು ಏಳಬೇಡ."

"ಏಳಲ್ಲ."

"ನನ್ನ ಕೈ ಮುಟ್ಟಿ ಹೇಳು."

ಅವನು ಅವಳ ಕೈ ಹಿಡಿದುಕೊಂಡ. ಬೆರಳುಗಳಲ್ಲಿ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಕಲೆಗಳು ಇನ್ನೂ ಇದ್ದವು. "ಏಳಲ್ಲಕ್ಕ" ಎಂದ. ಹೇಳುವಾಗ ಮನಸ್ಸಿನಲ್ಲೂ ಹಾಗೆಯೇ ಇತ್ತು.

ಮಂಡಳಿ ಕೂರುತ್ತಿದ್ದದ್ದು ಚರ್ಚಿನ ಹಿಂದಿನ ಸಣ್ಣ ಹಾಲಿನಲ್ಲಿ. ಉದ್ದನೆಯ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ತಿರುಗುವಾಗ ಟಿಕ್ ಟಿಕ್ ಅನ್ನುವ ಫ್ಯಾನು. ಅಧ್ಯಕ್ಷರ ಕುರ್ಚಿಗೆ ಮಾತ್ರ ಕೈಗಳಿದ್ದವು. ಪಾದ್ರಿ ಪ್ರಾರ್ಥನೆ ಹೇಳಿ ಕೂತು, ಎರಡೂ ಕೈಗಳನ್ನು ಕುರ್ಚಿಯ ಕೈಗಳ ಮೇಲೆ ಊರಿಕೊಂಡ. ಹೊರಗಿನ ಮೆಟ್ಟಿಲ ಮೇಲೆ ಮಣ್ಣುಮೂಸ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು.

ಕಾರ್ಯದರ್ಶಿ ಕಂಪನಿಯ ಪ್ರಸ್ತಾಪ ಓದಿದ. ಸೂರಿನ ಮಾತಾಡಿದ. ಹಿರಿಯರಲ್ಲೊಬ್ಬಳಾದ ದರ್ಜಿಯಮ್ಮ ಅರ್ಧಕ್ಕೇ ಬಾಯಿ ಹಾಕಿದಳು. ಮೇಜಿನ ಮೇಲೆ ಕೈಯಿಟ್ಟರೆ ಬಟ್ಟೆ ಅಳೆಯುವವಳಂತೆ ಬೆರಳು ಚಾಚುವ ಅಭ್ಯಾಸ ಅವಳಿಗೆ.

"ಸೂರು ಬರುತ್ತೆ, ಸರಿ. ಅದರ ಕೆಳಗೆ ಯಾರಿರ್ತಾರೆ? ಮನೆ ಇಲ್ಲದ ಪಾದ್ರಿ ಅಂದ್ರೆ ಬಸ್ಸಲ್ಲಿ ಬಂದು ಬಸ್ಸಲ್ಲಿ ಹೋಗೋ ಪಾದ್ರಿ. ಸಾವು ಏನು ಭಾನುವಾರ ನೋಡ್ಕೊಂಡು ಬರುತ್ತಾ?"

"ಸಾವಿಗೆ ಬರೋರ ತಲೆ ಮೇಲೆ ನೀರು ಬೀಳುತ್ತಲ್ಲಮ್ಮ, ಅದಕ್ಕೇನು ಹೇಳ್ತೀರಿ?" ಎಂದ ಕಾರ್ಯದರ್ಶಿ.

"ಕೊಡೆ ತಗೊಂಡು ಬನ್ನಿ. ನಿಮ್ಮಂಗಡೀಲಿ ಮಾರಲ್ವಾ?"

ಒಬ್ಬಿಬ್ಬರು ನಕ್ಕರು. ಮಾತು ಬೆಳೆಯಿತು, ಬಿಸಿಯಾಯಿತು, ತಣಿಯಿತು. ಕೊನೆಗೆ ಕೈ ಎತ್ತಿದರು. ಮಣ್ಣುಮೂಸ ಹೇಳಿದ ಹಾಗೇ ಆಯಿತು. ಇತ್ತ ಮೂರು, ಅತ್ತ ಮೂರು. ಎಲ್ಲರೂ ಪಾದ್ರಿಯ ಕಡೆ ತಿರುಗಿದರು.

ಅವನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. 'ಕಂಪನಿಗೆ ಕೊಡಬಾರದು ಅನ್ನುವುದಕ್ಕೆ ನನ್ನ ಮತ' ಎಂದು ಹೇಳಬೇಕಿತ್ತು. ಒಂದು ಚಿಕ್ಕ ವಾಕ್ಯ. ಹಿಂದಿನ ದಿನವೆಲ್ಲ ಅದನ್ನು ಬಾಯಲ್ಲೇ ಹೊರಳಿಸಿದ್ದ. ಬಾಯಿ ತೆರೆದೂ ಇದ್ದ.

"ಹೇಳಿ ಅಯ್ಯನವರೇ" ಎಂದ ಕಾರ್ಯದರ್ಶಿ. ಪಾದ್ರಿ ತಡವರಿಸುವುದನ್ನು ನೋಡಿ ಮೃದುವಾಗಿ ಸೇರಿಸಿದ, "ನಿಮ್ಮ ಮನೆ ವಿಷಯ ಅಂತ ಸಂಕೋಚ ಮಾಡ್ಕೋಬೇಡಿ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ 'ನಿಮ್ಮ ಮನೆ' ಎಂಬ ಮಾತು ಕಿವಿಗೆ ಬಿದ್ದದ್ದೇ ಪಾದ್ರಿಯ ಮೈಯೊಳಗೆ ಏನೋ ತಾನಾಗಿ ಚಲಿಸಿತು. ತನ್ನ ವಿಷಯ ಬಂದಾಗ ಏಳಬೇಕು. ಇಷ್ಟು ವರ್ಷ ಎದ್ದ ಕಾಲುಗಳು ಅವನನ್ನು ಕೇಳಲಿಲ್ಲ. ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿದಾಗ ತಾನು ನಿಂತಿದ್ದೇನೆ ಎಂದು ಅವನಿಗೇ ತಿಳಿಯಿತು. ನಿಂತ ಮೇಲೆ ಮತ್ತೆ ಕೂರುವುದು ಕೂತೇ ಇರುವುದಕ್ಕಿಂತ ಎಷ್ಟೋ ದೊಡ್ಡ ಕೆಲಸವಾಗಿತ್ತು. ಆರು ಜೊತೆ ಕಣ್ಣುಗಳ ಮುಂದೆ ಮನೆಗಾಗಿ ಮತ್ತೆ ಕೂತವನು ಎನಿಸಿಕೊಳ್ಳಬೇಕಿತ್ತು.

"ಇದರಲ್ಲಿ ನನ್ನ ಸ್ವಾರ್ಥ ಇದೆ" ಎಂದ. ದನಿ ಪೀಠದ ಮೇಲಿನ ದನಿಯಂತೆ ಸ್ವಚ್ಛವಾಗಿತ್ತು. "ನಾನು ಹೊರಗಿರ್ತೀನಿ. ಕಾರ್ಯದರ್ಶಿಗಳು ಅಧ್ಯಕ್ಷತೆ ವಹಿಸಲಿ."

"ಕೂತ್ಕೊಳ್ಳಿ ಅಯ್ಯನವರೇ!" ದರ್ಜಿಯಮ್ಮ ಕೂಗಿದಳು. "ಯಾರು ಏಳಿ ಅಂದ್ರು ನಿಮಗೆ? ಕೂತ್ಕೊಳ್ಳಿ!"

ಅವನು ಬಾಗಿಲು ದಾಟಿಯಾಗಿತ್ತು.

ಮಣ್ಣುಮೂಸ ಮೆಟ್ಟಿಲ ಮೇಲಿಂದ ತಲೆ ಎತ್ತಿ ನೋಡಿದ. ಒಂದು ಕ್ಷಣ ಅರ್ಥವಾಗಲಿಲ್ಲ. "ಮುಗೀತಾ?" ಎಂದ. ಪಾದ್ರಿ ಪಕ್ಕದಲ್ಲಿ ಕೂತಾಗ ಅರ್ಥವಾಯಿತು. ಬೈಯಲಿಲ್ಲ. ಕಾಲ ಬಳಿಯ ಮಣ್ಣು ಒಂದು ಹಿಡಿ ತೆಗೆದುಕೊಂಡ, ಮೂಗಿನ ತನಕ ತಂದು, ಮೂಸದೆ ಹಾಗೇ ಬಿಟ್ಟುಬಿಟ್ಟ.

"ಕೂತಿರಿ ಅಂತ ತಾನೆ ಹೇಳಿದ್ದು ನಾನು?" ಎಂದ. "ಬೆಟ್ಟ ಹೊರಿ ಅಂದ್ನಾ?"

ಒಳಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕಾರ್ಯದರ್ಶಿಯ ಒಂದು ಮತ ಮೊದಲೇ ಬಿದ್ದಿತ್ತು. ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಇನ್ನೊಂದು ಹಾಕಿದ. ಹೊಲ, ಮನೆ, ಹಿತ್ತಲು ಎಲ್ಲ ಕಂಪನಿಗೆ. ಪಾದ್ರಿಯ ಕರಾರು ಇನ್ನು ಮುಂದೆ ಎರಡು ವಾರಕ್ಕೊಮ್ಮೆ ಬಂದು ಹೋಗುವ ಬೋಧಕನದು. ಕರೆದರು. ಅವನು ಒಳಗೆ ಹೋದ. ಕೈಗಳನ್ನು ಚಾಚಿದ. ನಿಮ್ಮನ್ನು ಕಾಪಾಡಲಿ, ನಿಮಗೆ ಸಮಾಧಾನ ಕೊಡಲಿ ಎಂದು ಹೇಳಿ ಸಭೆ ಮುಗಿಸಿದ. ದರ್ಜಿಯಮ್ಮ ತಲೆ ಬಾಗಿಸಲಿಲ್ಲ. ನೆಟ್ಟಗೆ ಕೂತು ಅವನನ್ನೇ ನೋಡುತ್ತಿದ್ದಳು.

ಅಕ್ಕ ಹಿಂಬಾಗಿಲ ಬಳಿ ಬೀನ್ಸ್ ನಾರು ತೆಗೆಯುತ್ತಿದ್ದಳು. ಅವನ ಹೆಜ್ಜೆ ಕೇಳಿದಳು. ಆ ಹೆಜ್ಜೆಯಲ್ಲೇ ಗೊತ್ತಾಗಿರಬೇಕು, ಆದರೂ ಕೇಳಿದಳು.

"ಸಮಸಮ ಬರಲಿಲ್ವಾ?"

"ಬಂತು."

"ಮತ್ತೆ?"

ಅವನು ಹೇಳಿದ. ಮುಚ್ಚಿಡಲಿಲ್ಲ. ಕಾರ್ಯದರ್ಶಿಯ ಮಾತು, ತನ್ನ ಕಾಲು, ಕುರ್ಚಿಯ ಸದ್ದು, ಎಲ್ಲ.

ಅವಳು ಇನ್ನೊಂದು ಬೀನ್ಸ್ ಎತ್ತಿಕೊಂಡು ತುದಿ ಮುರಿದು ನಾರು ಎಳೆದಳು. ಮತ್ತೊಂದು. ಹೀಗೇ ಬಟ್ಟಲು ಮುಗಿಸಿದಳು.

"ನಿನ್ನ ಒಳ್ಳೆಯತನಕ್ಕೆ ಬಾಡಿಗೆ ನಾನು ಕಟ್ಟಬೇಕು, ಅಲ್ವಾ?" ಎಂದಳು.

"ಅಕ್ಕ..."

"ಮಡಿಕೆ ಕೆಡಿಸ್ಕೋಬೇಡ ಅಂತ ನಾನೇ ಹೇಳ್ಕೊಟ್ಟೆ. ತಪ್ಪು ನನ್ನದೇ. ಸ್ವಲ್ಪ ಸುಕ್ಕು ಇರೋ ಹಾಗೆ ಬೆಳೆಸಬೇಕಿತ್ತು." ಎದ್ದಳು. ಎಂದಿನಂತೆ ಹಗ್ಗ ಹಿಡಿದು ನಲ್ಲಿಯವರೆಗೆ ಹೋಗಿ, ಗಂಟಿನ ಬಳಿ ನಿಂತು, ಬಟ್ಟಲು ತೊಳೆದು, ಎಂದಿನಂತೆ ವಾಪಸು ಬಂದಳು. ಆ ವಾರವೆಲ್ಲ ಅವಳು ಕಾರಣವಿಲ್ಲದೆ ಆ ಹಗ್ಗ ಹಿಡಿದು ಓಡಾಡುವುದನ್ನು ಅವನು ಕಿಟಕಿಯಿಂದ ನೋಡಿದ.

ಬೇರೆ ಸಭೆಗಳಿಗೆ ಅವನು ಅರ್ಜಿ ಹಾಕಿಕೊಂಡ. ಒಂದು ಕಡೆಯವರು ಪ್ರಸಂಗ ಕೇಳಿ ಮೆಚ್ಚಿ, ಗಿಟಾರ್ ಬಾರಿಸಲು ಬರುವ ಸಣ್ಣ ವಯಸ್ಸಿನವರು ಬೇಕಿತ್ತು ಎಂದರು. ಮನೆ ಕೊಡುವ ಸಭೆಯೇ ಸಿಗಲಿಲ್ಲ. ಕೊನೆಗೆ ಪೇಟೆಯಲ್ಲಿ ಬ್ಯಾಟರಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದ.

ಸಾಮಾನು ಸಾಗಿಸಿದ್ದು ಮಣ್ಣುಮೂಸ, ತನ್ನ ಆಲೂಗಡ್ಡೆ ಗಾಡಿಯಲ್ಲಿ. ಅವನದೂ ಕೊನೆಯ ಫಸಲು ಕಿತ್ತಾಗಿತ್ತು. ಈಗ ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿದ್ದ. ಕಾಲಿಗೆ ಬೂಟು ಬಂದಿತ್ತು, ಅದರಲ್ಲಿ ನಡೆಯಲು ಬರುತ್ತಿರಲಿಲ್ಲ. ಹಗ್ಗ ಬಿಚ್ಚಿಕೊಡಲೇ ಎಂದು ಕೇಳಿದ.

"ಬೇಡಪ್ಪ" ಎಂದಳು ಅಕ್ಕ. "ಯಥಾಸ್ಥಿತೀಲಿ ಬಿಟ್ಟುಕೊಡಬೇಕಂತೆ."

ಹೊಸ ಮನೆಯಲ್ಲಿ ಪಾದ್ರಿ ಮಂಚವನ್ನು ಹಳೆಯ ಮನೆಯಲ್ಲಿದ್ದಂತೆಯೇ ಕಿಟಕಿಯ ಕೆಳಗೆ ಹಾಕಿದ. ಮೇಜು, ಸ್ಟೂಲು, ನೀರಿನ ಪಾತ್ರೆ ಎಲ್ಲವನ್ನೂ ಅದೇ ಕ್ರಮದಲ್ಲಿ ಇಟ್ಟ. ಅದರಿಂದಲೇ ಕೆಟ್ಟದಾಯಿತು. ಸಾಮಾನುಗಳೆಲ್ಲ ಹಳೆಯ ಜಾಗದಲ್ಲೇ ಇದ್ದವು, ಗೋಡೆಗಳು ಮಾತ್ರ ಹಳೆಯ ಜಾಗದಲ್ಲಿ ಇರಲಿಲ್ಲ. ಅವಳು ಅಭ್ಯಾಸದಂತೆ ಮಂಚದಿಂದ ಎದ್ದು ಅಡಿಗೆಮನೆಯತ್ತ ತಿರುಗಿ ಹಣೆ ಗೋಡೆಗೆ ಹೊಡೆದುಕೊಂಡಳು. ನೆಲವೆಲ್ಲ ಒಂದೇ ನುಣುಪು ಟೈಲ್ಸು. ಯಾವ ಕೋಣೆಯಲ್ಲಿದ್ದೇನೆ ಎಂದು ಪಾದಕ್ಕೆ ತಿಳಿಯುತ್ತಿರಲಿಲ್ಲ. ಕೆಳಗಿನ ಅಂಗಡಿಯ ಆಸಿಡ್ ವಾಸನೆ ಎಲ್ಲ ಕಿಟಕಿಗಳಿಂದಲೂ ಒಂದೇ ಥರ ಬರುತ್ತಿತ್ತು. ಒಂದು ದಿನ ಮೆಟ್ಟಿಲ ಬಾಗಿಲನ್ನು ಬಚ್ಚಲ ಬಾಗಿಲೆಂದುಕೊಂಡು ಕಾಲಿಟ್ಟಳು. ಬೀಳಲಿಲ್ಲ. ಅಂಗಡಿಯವನು ಕೂಗಿಕೊಂಡಿದ್ದರಿಂದ ಕಂಬಿ ಹಿಡಿದು ನಿಂತುಬಿಟ್ಟಳು.

ಅಂದಿನಿಂದ ಅವಳು ಕುರ್ಚಿ ಬಿಟ್ಟು ಏಳುವುದನ್ನು ನಿಲ್ಲಿಸಿದಳು.

ಪಾದ್ರಿ ಅಡಿಗೆ ಕಲಿತ. ಅನ್ನ ಮುದ್ದೆಯಾಗುತ್ತಿತ್ತು, ಇಲ್ಲವೇ ತಳ ಹಿಡಿಯುತ್ತಿತ್ತು. ಅವಳು ಏನೂ ಆಡದೆ ತಿನ್ನುತ್ತಿದ್ದಳು. ಹಾಸ್ಯ ಮಾಡಲಿ, ಬೈಯಲಿ ಎಂದು ಅವನು ಕಾಯುತ್ತಿದ್ದ. "ಉಪ್ಪು ಜಾಸ್ತಿಯಾಯ್ತಾ ಅಕ್ಕ?" ಎಂದು ಕೇಳಿದರೆ, "ಸರಿಯಿದೆ" ಎನ್ನುತ್ತಿದ್ದಳು. ಅವಳ ಅಂಗೈ ಮೆತ್ತಗಾಗುತ್ತ ಬಂತು. ಬಚ್ಚಲಿಗೆ ಕರೆದೊಯ್ಯುವಾಗ ಆ ಕೈ ಅವನ ಕೈಯಲ್ಲಿ ಸುಮ್ಮನೆ ಇರುತ್ತಿತ್ತು, ಯಾವ ಕಡೆಗೂ ಎಳೆಯುತ್ತಿರಲಿಲ್ಲ.

ಎರಡು ವಾರಕ್ಕೊಮ್ಮೆ ಅವನು ಬಸ್ಸು ಹಿಡಿದು ಹೋಗಿ ಪ್ರಸಂಗ ಮಾಡಿ ಬರುತ್ತಿದ್ದ. ಹೊಸ ಸೂರು ಬಂದಿತ್ತು, ಹೊಳೆಯುವ ತಗಡಿನದು. ಅವನಿಲ್ಲದ ವಾರ ದರ್ಜಿಯಮ್ಮನ ಗಂಡ ತೀರಿಕೊಂಡಾಗ ಬೇರೆ ಊರಿಂದ ಯಾರೋ ಬಂದು ಮಣ್ಣು ಮಾಡಿ ಹೋಗಿದ್ದರು. ಆಮೇಲೆ ಅವಳು ಚರ್ಚಿಗೆ ಬರುತ್ತಿದ್ದಳು, ಕೂರುತ್ತಿದ್ದಳು, ಅವನ ಜೊತೆ ಮಾತಾಡದೆ ಹೋಗುತ್ತಿದ್ದಳು.

ಒಂದು ಶನಿವಾರ ಸಂಜೆ ಅಕ್ಕ ತಾನಾಗಿಯೇ ಬಾಯಿ ಬಿಟ್ಟಳು. "ನಾಳೆ ನಾನೂ ಬರ್ತೀನಿ."

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಅಂಗಿಯ ಇಸ್ತ್ರಿಯನ್ನು ಅವಳ ಕೈಯಲ್ಲೇ ಮಾಡಿಸಿದ. ಪೆಟ್ಟಿಗೆ ಹಿಡಿದಾಗ ಅವಳ ಬೆನ್ನು ನೆಟ್ಟಗಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇದು ಸೇತುವೆ, ಇದು ತಿರುವು ಎಂದು ಅವಳೇ ಹೇಳುತ್ತ ಬಂದಳು. ಚರ್ಚಿನ ಗೇಟಿನೊಳಗೆ ಕಾಲಿಟ್ಟೊಡನೆ ಚಪ್ಪಲಿ ಬಿಚ್ಚಿ ಅವನ ಕೈಗೆ ಕೊಟ್ಟಳು.

"ಕೈ ಬಿಡು" ಎಂದಳು.

"ಅಕ್ಕ, ಈಗ ಅಲ್ಲಿ..."

"ಬಿಡು ಅಂದೆ. ನನಗೆ ದಾರಿ ಗೊತ್ತು."

ಬಿಟ್ಟ. ಅವಳು ಚರ್ಚಿನ ಗೋಡೆಯನ್ನು ಬೆರಳ ತುದಿಯಲ್ಲಿ ಸವರಿಕೊಂಡು, ಎಷ್ಟೋ ತಿಂಗಳಲ್ಲಿ ಅವನು ಕಾಣದಿದ್ದ ವೇಗದಲ್ಲಿ ನಡೆದಳು. ಮೂಲೆ ತಿರುಗಿದಳು. ಪಕ್ಕದ ಬಾಗಿಲ ಬಳಿ ನಿಂತು, ಸೊಂಟದ ಮಟ್ಟದಲ್ಲಿ, ನೋಡದೆಯೇ ಕೈ ಚಾಚಿದಳು. ಹಗ್ಗ ಇರಲಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಗಾಳಿಯಲ್ಲಿ ಹುಡುಕಿದಳು. ಆಮೇಲೆ ಹಗ್ಗವಿಲ್ಲದೆಯೇ, ಹಗ್ಗ ಹಿಡಿದವಳಂತೆ ಅಂಗೈ ಮಡಿಚಿಕೊಂಡು ಮುಂದಕ್ಕೆ ಹೋದಳು. ಪಾದ್ರಿ ಚಪ್ಪಲಿಗಳನ್ನು ಎದೆಗೆ ಹಿಡಿದುಕೊಂಡು ಹಿಂದೆ ಹಿಂದೆ ನಡೆದ.

ತಂತಿಯ ಬಲೆ ಅವಳಿಗೆ ಎದೆಯ ಮಟ್ಟದಲ್ಲಿ ತಾಗಿತು. ಎರಡೂ ಕೈಯಿಂದ ತಡವಿದಳು. ಎತ್ತರಕ್ಕೆ ತಡವಿದಳು, ಕೈ ನಿಲುಕುವವರೆಗೂ ಬಲೆಯೇ. ಪಕ್ಕಕ್ಕೆ ಸರಿದಳು, ಬಲೆಯೇ. ಅದರಾಚೆ ಪ್ಲಾಸ್ಟಿಕ್ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು, ಕ್ರೇಟುಗಳನ್ನು ಒಂದರ ಮೇಲೊಂದು ಎತ್ತಿ ಹಾಕುವ ಸದ್ದು ಬರುತ್ತಿತ್ತು, ಒಂದು ಮೋಟಾರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಮಣ್ಣಿನ ವಾಸನೆ ಎಲ್ಲಿಂದಲೂ ಬರುತ್ತಿರಲಿಲ್ಲ.

"ಇಲ್ಲಿ ನಲ್ಲಿ ಇತ್ತು" ಎಂದಳು.

"ಹೌದಕ್ಕ."

"ಆ ಕಡೆ ಹಿಂಬಾಗಿಲು."

"ಹೌದು."

ಅವಳು ಬಲೆಯ ಒಂದು ಕಣ್ಣಿನೊಳಗೆ ಬೆರಳು ತೂರಿಸಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಚರ್ಚಿನಲ್ಲಿ ಗಂಟೆ ಹೊಡೆಯಿತು. ಪಾದ್ರಿ ಒಳಗೆ ಹೋಗಬೇಕಿತ್ತು, ಜನ ಕಾಯುತ್ತಿದ್ದರು. ಅವನು ಅವಳ ಬೆನ್ನನ್ನೇ ನೋಡುತ್ತಿದ್ದ. ಅವಳು ಬೆರಳು ಬಿಡಿಸಿಕೊಂಡಳು. ಹಿಂದಕ್ಕೆ ತಿರುಗಿದಳು. ಒಂದು ಹೆಜ್ಜೆ ಎತ್ತಿ, ಎಲ್ಲಿ ಇಡಬೇಕೆಂದು ತಿಳಿಯದೆ, ಇದ್ದಲ್ಲಿಯೇ ಇಟ್ಟಳು. ಕೈಯನ್ನು ಗಾಳಿಗೆ ಚಾಚಿದಳು.

"ತಮ್ಮಾ, ಇಲ್ಲಿದೀಯಾ?"

"ಇಲ್ಲೇ ಇದೀನಕ್ಕ."

"ಚರ್ಚಿಗೆ ಹೋಗೋದು ಎಡಕ್ಕೋ, ಬಲಕ್ಕೋ?"